ಅಂಚಿನ ಬಿಳಿ ಪೊರೆ

"ಬಾ ಬಾ, ಹೊತ್ತಿಗೆ ಸರಿಯಾಗಿ ಬಂದಿ. ಚೀಲ ಆಮ್ಯಾಲ ಇಡು, ಮೊದಲ ನಿನ್ನ ಔಷಧದ ಗಮ್ಮತ್ತು ನೋಡು," ಎಂದು ಮಹಾನಂದಾ ಕುಳಿತಲ್ಲಿಂದಲೇ ಕೂಗಿದಳು.

ಧಾರವಾಡದ ಬಸ್ಸಿನಿಂದ ಇಳಿದು ಬಂದಿದ್ದ ಶೈಲಶ್ರೀ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಪಡಸಾಲೆಯಲ್ಲಿ ಅವಳ ಅಪ್ಪ ಅಮರಪ್ಪ ಗೋಡೆಗೆ ಒರಗಿ, ಬಲಗಾಲನ್ನು ಮಣೆಯ ಮೇಲೆ ಚಾಚಿ ಕುಳಿತಿದ್ದ. ಅವ್ವ ಎದುರಿಗೆ ಕುಕ್ಕರಗಾಲಲ್ಲಿ ಕುಳಿತು ಪಾದಕ್ಕೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚುತ್ತಿದ್ದಳು. ಪಕ್ಕದಲ್ಲಿ ಕಾಯಿಸಿ ಆರಿಸಿದ ನೀರು, ಒಗೆದು ಬಿಸಿಲಿಗೆ ಒಣಗಿಸಿದ ಹಳೆಯ ಧೋತರದ ಚೂರುಗಳು, ತಾಟಿನಲ್ಲಿ ಹಸಿ ಪಪ್ಪಾಯಿಯ ಒಂದು ಹೋಳು. ಹೋಳಿನ ಮೈಯಿಂದ ಹಾಲು ಇನ್ನೂ ಒಸರುತ್ತಿತ್ತು.

"ನೋಡು, ಒಂದ ಚೂರರ ಕರೇದು ಉಳದೈತೇನು? ಕೆಂಪಗಾಗೂತನ ಹಚ್ಚು ಅಂದಿದ್ಯಲ್ಲ, ಆತು. ಆದ್ರ ದಿನಾ ಮುಂಜಾನಿ ಅಂಚಿಗೆ ಹಿಂಗ ಬೆಳ್ಳಗ ಪೊರಿ ಕಟ್ಟತೈತಿ. ಈಟ ಹಾಲು ಸವರಿದ್ರ ಸಡ್ಲಾಗತೈತಿ. ಆಮ್ಯಾಲ ಹೆಬ್ಬಟ್ಟಿಲೆ ಒಮ್ಮಿ ಹಿಂಗ..."

"ಅವ್ವಾ, ತಡಿ."

ಶೈಲಶ್ರೀಯ ಬಾಯಿಂದ ಮಾತು ಹೊರಡುವ ಮೊದಲೇ ಮಹಾನಂದಾಳ ಹೆಬ್ಬೆರಳು ಗಾಯದ ಸುತ್ತ ಒಂದು ಸುತ್ತು ತಿರುಗಿ ಬಂದಿತ್ತು. ಈರುಳ್ಳಿಯ ಒಳಪದರಿನಷ್ಟು ತೆಳ್ಳಗಿನ ಬಿಳಿ ಪೊರೆ ಬೆರಳಿಗೆ ಅಂಟಿಕೊಂಡು ಬಂತು. ಅವಳು ಅದನ್ನು ಧೋತರದ ಚೂರಿಗೆ ಒರೆಸಿ, ಮಗಳ ಮುಖ ನೋಡಿ ನಕ್ಕಳು. ಶಾಲೆಯಲ್ಲಿ ಪಾಠ ಒಪ್ಪಿಸಿದ ಹುಡುಗಿಯ ಮುಖದಲ್ಲಿ ಇರುತ್ತದಲ್ಲ, ಅಂಥ ಹಿಗ್ಗು ಆ ಮುಖದಲ್ಲಿತ್ತು.

"ಯಾಕ, ಏನಾತು?"

"ಏನಿಲ್ಲಬೇ."

ಏನಿಲ್ಲ ಎಂದು ಹೇಳಿದ್ದು ಎಷ್ಟು ದೊಡ್ಡ ಸುಳ್ಳೆಂಬುದು ಆ ಪಡಸಾಲೆಯಲ್ಲಿ ಶೈಲಶ್ರೀ ಒಬ್ಬಳಿಗೇ ಗೊತ್ತಿತ್ತು. ಆ ಪೊರೆ ಕೊಳೆಯಲ್ಲ, ಕೀವಲ್ಲ. ಅದು ಹೊಸ ಚರ್ಮ. ಗಾಯ ಮುಚ್ಚಲು ಅಂಚಿನಿಂದ ಒಳಮುಖವಾಗಿ ತೆವಳಿ ಬರುವ ಎಳೆಯ ಚರ್ಮ ಹೀಗೇ ಬೆಳ್ಳಗೆ, ಮಬ್ಬುಮಬ್ಬಾಗಿ ಇರುತ್ತದೆ. ಅವ್ವ ಅದನ್ನು ದಿನಾ ಬೆಳಗ್ಗೆ ತಪ್ಪದೆ ಒರೆಸಿ ತೆಗೆಯುತ್ತಿದ್ದಳು.

ಅಮರಪ್ಪನಿಗೆ ಸಕ್ಕರೆ ಕಾಯಿಲೆ ಅಂಟಿ ಬಹಳ ವರ್ಷಗಳಾಗಿದ್ದವು. ಗುಳಿಗೆ ನೆನಪಾದರೆ ನುಂಗುವುದು, ಮರೆತರೆ ಬಿಡುವುದು, ಕೇಳಿದವರಿಗೆ "ನನ್ನ ಸಕ್ಕರಿ ಭಾಳ ಶಾಣ್ಯಾ ಐತಿ, ತಾನ ಇಳೀತೈತಿ" ಎಂದು ಚೇಷ್ಟೆ ಮಾಡುವುದು, ಹೀಗೇ ನಡೆದಿತ್ತು. ಆದರೆ ಕಾಯಿಲೆ ಸದ್ದಿಲ್ಲದೆ ಪಾದಗಳ ಸ್ಪರ್ಶವನ್ನೇ ಕಸಿದುಕೊಂಡಿತ್ತು. ಕುಣಿಮಗ್ಗದ ನೇಕಾರನಿಗೆ ಪಾದವೇ ಎರಡನೆಯ ಕಣ್ಣು. ನೆಲ ಅಗೆದು ಮಾಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಕಣ್ಣನ್ನು ಸೀರೆಯ ಮೇಲಿಟ್ಟು, ಕೆಳಗೆ ತುಳಿಯುವ ಹಲಗೆಗಳನ್ನು ಪಾದದಿಂದಲೇ ಗುರುತಿಸಿ ಒತ್ತಬೇಕು. ಒಂದು ಹಲಗೆಯ ಮೊಳೆ ಮೇಲೆದ್ದಿದ್ದು ಅವನಿಗೆ ತಿಳಿಯಲೇ ಇಲ್ಲ. ಮುಂಜಾನೆಯಿಡೀ ಅದನ್ನೇ ತುಳಿಯುತ್ತ ಸೀರೆಯ ದಡಿ ನೇಯ್ದಿದ್ದ. ಊಟಕ್ಕೆಂದು ಮೇಲೆದ್ದು ಬಂದಾಗ ನೆಲದ ಮೇಲೆ ಕೆಂಪು ಹೆಜ್ಜೆಗಳು ಮೂಡಿದವು. ಪಕ್ಕದ ಮನೆಯ ಮಾಬುಬಿ ನೂಲಿಗೆ ಬಣ್ಣ ಹಾಕುವವಳು. ಅವಳ ಅಂಗಳದ ಕೆಂಪು ಬಣ್ಣ ತುಳಿದು ಬಂದಿದ್ದಾನೆಂದು ತಿಳಿದು ಮಹಾನಂದಾ ಮೊದಲು ಬೈದೇ ಬೈದಿದ್ದಳು.

ಆಮೇಲೆ ಗಾಯದ ಸುತ್ತ ಮಾಂಸ ಸತ್ತು ಕರ್ರಗಾಯಿತು. ಇಳಕಲ್ಲಿನ ಡಾಕ್ಟರು ಕತ್ತರಿಸಿದರು, ಮತ್ತೆ ಕರ್ರಗಾಯಿತು. ಆಗ ಮಹಾನಂದಾ ಹಳದಿ ಬೋರ್ಡಿನ ಎಸ್‌ಟಿಡಿ ಅಂಗಡಿಯಿಂದ ಧಾರವಾಡಕ್ಕೆ ಫೋನು ಹಚ್ಚಿ ಅತ್ತಳು. "ನೀ ಇದನ್ನ ಓದಾಕತ್ತೀಯಲ್ಲವಾ, ಏನರ ಹೇಳ."

ಶೈಲಶ್ರೀ ಓದುತ್ತಿದ್ದದ್ದು ನಿಜವಾಗಿಯೂ ಅದನ್ನೇ. ಇಲಿಯ ಬೆನ್ನಿನ ಮೇಲೆ ಸಣ್ಣ ಗಾಯ ಮಾಡಿ, ಅದು ಹೇಗೆ ಮಾಯುತ್ತದೆಂದು ನೋಡುವುದು ಅವಳ ಪಿಎಚ್‌ಡಿ ಕೆಲಸ. ಅಪ್ಪ ಅವಳನ್ನು ಇಲಿ ಡಾಕ್ಟರ ಎಂದೇ ಕರೆಯುತ್ತಿದ್ದ. ನಮ್ಮ ಚರ್ಮದಲ್ಲಿ, ಕೂದಲಿನ ಬೇರಿನ ಹತ್ತಿರ, ಆಕರಕೋಶಗಳೆಂಬ ಬೀಜದಂಥ ಜೀವಕಣಗಳು ತಮ್ಮ ಗೂಡಿನಲ್ಲಿ ಕಚ್ಚಿಕೊಂಡು ಮಲಗಿರುತ್ತವೆ. ಗಾಯವಾದಾಗ ದೇಹ ಕಿಣ್ವಗಳೆಂಬ ಸಣ್ಣ ಕತ್ತರಿಗಳನ್ನು ಕಳಿಸುತ್ತದೆ. ಅವು ಸತ್ತ ಮಾಂಸವನ್ನು ಕತ್ತರಿಸುತ್ತವೆ, ಬೀಜಕಣಗಳನ್ನು ಹಿಡಿದಿಟ್ಟ ಎಳೆಗಳನ್ನೂ ಕತ್ತರಿಸಿ ಬಿಡುಗಡೆ ಮಾಡುತ್ತವೆ. ಬಿಡುಗಡೆಯಾದ ಕಣಗಳು ಎದ್ದು ಬಂದು ಗಾಯ ಮುಚ್ಚುತ್ತವೆ. ಕತ್ತರಿ ಇಲ್ಲದಿದ್ದರೆ ಗಾಯ ಮಾಯುವುದೇ ಇಲ್ಲ. ಆದರೆ ಕೆಲಸ ಮುಗಿದ ಮೇಲೆ ಕತ್ತರಿಯ ಬಾಯಿ ಮುಚ್ಚಲೇಬೇಕು. ಮುಚ್ಚುವ ಏರ್ಪಾಡೂ ಮೈಯಲ್ಲೇ ಇದೆ. ಅದು ತಪ್ಪಿದರೆ ಕತ್ತರಿ ಗೂಡನ್ನೂ, ಗೂಡಿನ ಹಾಸಿಗೆಯನ್ನೂ, ಬೀಜಕಣಗಳನ್ನು ಕರೆಯುವ ಕರೆಯನ್ನೂ ಕತ್ತರಿಸಿ ಹಾಕುತ್ತದೆ. ಸಕ್ಕರೆ ಕಾಯಿಲೆಯವರ ಗಾಯದಲ್ಲಿ ಆಗುವುದು ಹೆಚ್ಚಾಗಿ ಹೀಗೆಯೇ.

ಹಸಿ ಪಪ್ಪಾಯಿಯ ಹಾಲಿನಲ್ಲಿಯೂ ಅಂಥದೇ ಒಂದು ಕತ್ತರಿ ಇದೆ. ಮಟನ್ ಬೇಯಿಸುವಾಗ ಮಾಬುಬಿ ಅದರ ಒಂದು ಚೂರು ಹಾಕುವುದು ಮಾಂಸ ಬೇಗ ಮೆತ್ತಗಾಗಲೆಂದೇ. ಎಷ್ಟೋ ದವಾಖಾನೆಗಳಲ್ಲಿ ಸತ್ತ ಮಾಂಸ ತೆಗೆಯಲು ಅದನ್ನು ಬಳಸುತ್ತಾರೆ. ಶೈಲಶ್ರೀ ಫೋನಿನಲ್ಲಿ ಹೇಳಿದ್ದು ಇಷ್ಟೇ, "ಕರೇದ ಇದ್ದಲ್ಲಿ ಅಷ್ಟ ಹಚ್ಚಬೇ. ಕೆಂಪಗಾದ ಮ್ಯಾಲ ಬಿಡು."

ಕೆಂಪಗಾಯಿತು. ಆ ಸುದ್ದಿ ಹೇಳಲು ಅವ್ವ ವಿಭಾಗದ ಆಫೀಸಿಗೆ ಫೋನು ಮಾಡಿದ ದಿನ ಶೈಲಶ್ರೀ ಪ್ರಯೋಗಾಲಯದಲ್ಲಿ ಗಾಜಿನ ತಟ್ಟೆಯೊಂದಕ್ಕೆ ಕಿಣ್ವದ ನೀರು ಹಾಕಿ ಕುಳಿತಿದ್ದಳು. ತಟ್ಟೆಯ ತಳಕ್ಕೆ ಅಂಟಿ ಬೆಳೆದ ಕಣಗಳನ್ನು ಬಿಡಿಸಲು ಹಾಗೆ ಮಾಡುತ್ತಾರೆ. ಕಣಗಳು ಹಿಡಿತ ಬಿಟ್ಟು ದುಂಡಗಾದ ಕ್ಷಣದಲ್ಲೇ ಕತ್ತರಿಯ ಬಾಯಿ ಮುಚ್ಚುವ ರಸ ಸುರಿಯಬೇಕು. ಕರೆ ಬಂತೆಂದು ಓಡಿದಳು. "ಮಗಳ, ಎಲ್ಲಾ ಕೆಂಪಗಾತು! ದಾಳಿಂಬ್ರ ಆಗೇತಿ, ದಾಳಿಂಬ್ರ!" ಎಂದು ಅವ್ವ ಆ ಕಡೆ ಕೂಗಿದಳು. ಇವಳಿಗೂ ಕಣ್ಣು ತುಂಬಿ, ಮಾತು ಬೆಳೆದು, ಹಿಂದಿರುಗಿ ಬಂದು ನೋಡಿದರೆ ತಟ್ಟೆಯ ಕಣಗಳೆಲ್ಲ ಸತ್ತು ಹೋಗಿದ್ದವು. ಗೆಳತಿಯರು ಗೋಳು ಹೊಯ್ದುಕೊಂಡರು. ಅವಳೂ ಅವರ ಜೊತೆ ನಕ್ಕಿದ್ದಳು. ಅಪ್ಪನ ಕಾಲು ಉಳಿಯಿತಲ್ಲ, ತಟ್ಟೆ ಹೋದರೆ ಹೋಗಲಿ.

ಕೆಂಪಿನ ಆಚೆ ಬಿಳಿ ಬರುತ್ತದೆ, ಆ ಬಿಳಿಯನ್ನು ಮುಟ್ಟಬೇಡ ಎಂದು ಹೇಳಬೇಕೆಂಬುದು ಅವತ್ತು ಅವಳಿಗೆ ಹೊಳೆಯಲಿಲ್ಲ. ಹೇಳಬೇಕಾದ ಮಾತೇ ಅಲ್ಲ ಅದು ಎನಿಸಿತ್ತು. ಬೇರೆ ಮನೆಯಾಗಿದ್ದರೆ ಬಹುಶಃ ಹೇಳದಿದ್ದರೂ ನಡೆಯುತ್ತಿತ್ತು. ಆದರೆ ಮಹಾನಂದಾಳ ಕೈ ನೇಕಾರರ ಮನೆಯ ಕೈ. ಬೆಳಗಿನ ತಂಪಿನಲ್ಲಿ ಓಣಿಯುದ್ದಕ್ಕೂ ಹಾಸಿನ ನೂಲನ್ನು, ಎಂದರೆ ಮಗ್ಗಕ್ಕೆ ಏರಿಸುವ ಉದ್ದ ಎಳೆಗಳನ್ನು, ಬಿಗಿದು ಗಂಜಿ ಹಚ್ಚುವುದು, ಎಳೆಗಳ ನಡುವೆ ಗಂಜಿ ಬಿಳಿ ಪೊರೆಯಾಗಿ ಕಟ್ಟುವ ಮುಂಚೆ ಹೆಬ್ಬೆರಳಿನಿಂದ ಸವರಿ ಬಿಡಿಸುವುದು, ಚಿಕ್ಕಂದಿನಿಂದ ಅದೇ ಅವಳ ಕೆಲಸ. ಪೊರೆ ಉಳಿದರೆ ಎಳೆಗೆ ಎಳೆ ಅಂಟಿ, ಮಗ್ಗದ ಮೇಲೆ ಹರಿದು ಹೋಗುತ್ತದೆ. ಬಿಳಿ ಪೊರೆ ಕಂಡಲ್ಲಿ ಆ ಹೆಬ್ಬೆರಳು ತನ್ನಷ್ಟಕ್ಕೆ ಓಡುತ್ತಿತ್ತು. ಅವಳಷ್ಟು ಚೊಕ್ಕಟವಾಗಿ ಹಾಸು ಸವರುವವರು ಓಣಿಯಲ್ಲೇ ಇಲ್ಲವೆಂದು ಹೆಸರು.

ಶೈಲಶ್ರೀ ಚೀಲ ಕೆಳಗಿಟ್ಟು ಗಾಯದ ಹತ್ತಿರ ಬಗ್ಗಿದಳು. ನಡುವೆ ಕೆಂಪಗಿತ್ತು, ನಿಜ. ಆದರೆ ಪಾದ ಹಿಮ್ಮಡಿಯವರೆಗೂ ಬಾತು ಮಿರಿಮಿರಿ ಹೊಳೆಯುತ್ತಿತ್ತು. ಕೆಂಪಿನ ಒಂದು ಮೂಲೆಯಲ್ಲಿ ಸಣ್ಣ ತೂತು, ಅದರೊಳಗಿಂದ ಕೆಟ್ಟ ವಾಸನೆ. ಅಪ್ಪನ ಹಣೆ ಮುಟ್ಟಿದಳು. ಸುಡುತ್ತಿತ್ತು.

"ಜ್ವರಾ ಯಾವಾಗಿಂದಪಾ?"

"ಜ್ವರಾ ಎಲ್ಲೈತಿ? ನಿಮ್ಮವ್ವ ಮೂರೂ ಹೊತ್ತು ಮೈಮ್ಯಾಲ ಬಿದ್ದು ತಿಕ್ಕತಾಳ, ಅದಕ ಬೆಚ್ಚಗಾಗೇತಿ," ಎಂದ ಅಮರಪ್ಪ.

"ಸುಮ್ಮ ಇರ್ರಿ ಸಾಕು, ಮಗಳ ಮುಂದ ಏನರ ಒದರತೀರಿ," ಎಂದು ಮಹಾನಂದಾ ಬೈದು ಮತ್ತೆ ಪಪ್ಪಾಯಿಯ ಹೋಳಿಗೆ ಕೈ ಹಾಕಿದಳು.

ಶೈಲಶ್ರೀ ತಾಟನ್ನೇ ಹಿಂದಕ್ಕೆ ಸರಿಸಿದಳು. "ಪಪ್ಪಾಯಿ ಇನ್ನ ಸಾಕಬೇ. ಬಾಗಲಕೋಟಿಗೆ ಹೋಗೂಣು, ಇವತ್ತ."

"ಹಂಗಾರ ಪೊರಿ?"

"ಪೊರಿ ಇರಲಿ ಬಿಡು."

"ಹೊಲಸು ಹಂಗ ಬಿಡೂದೇನು?" ಎಂದು ಮಹಾನಂದಾ ಕಣ್ಣರಳಿಸಿದಳು. ಶೈಲಶ್ರೀ ಜೀಪಿನ ಹೊಳಬಸಪ್ಪನನ್ನು ಕರೆಯಲು ಹೊರಗೆ ಓಡಿದಳು. ಉತ್ತರ ಕೊಡುವ ಧೈರ್ಯ ಅವಳಲ್ಲಿ ಇರಲಿಲ್ಲ.

ಜೀಪಿನಲ್ಲಿ ಅವಳಿಗೆ ಆದ ಸಂಕಟ ಅಷ್ಟಿಷ್ಟಲ್ಲ. ಅಪ್ಪನ ಕಾಲು ಅವಳ ತೊಡೆಯ ಮೇಲಿತ್ತು. ಮುಂದಿನ ಸೀಟಿನಲ್ಲಿ ಕುಳಿತ ಅವ್ವ ಹುನಗುಂದ ದಾಟುವವರೆಗೂ ಹೊಳಬಸಪ್ಪನಿಗೆ ಮಗಳ ಗುಣಗಾನ ಮಾಡಿದಳು. "ಡಾಕ್ಟರ ಕತ್ತರಿಸಿ ಕತ್ತರಿಸಿ ಸೋತರಪಾ. ಇಕಿ ಫೋನಿನಾಗ ಒಂದ ಮಾತ ಹೇಳಿದ್ಲು ನೋಡು, ಎಲ್ಲಾ ಕೆಂಪ. ಇಡೀ ಓಣಿ ಬಂದು ನೋಡಿ ಹೋತು. ಮಾಬುಬಿ ತನ್ನ ಗಿಡದ ಕಾಯಿ ಕೊಟ್ಟು ಕೊಟ್ಟು, ಒಂದೂ ಹಣ್ಣಾಗಾಕ ಬಿಡಲಿಲ್ಲ."

"ಶಾಣ್ಯಾ ಮಗಳ ಹಡದೀರಿ ಬಿಡ್ರಿ," ಎಂದ ಹೊಳಬಸಪ್ಪ.

ಶೈಲಶ್ರೀಗೆ ಕಿವಿ ಮುಚ್ಚಿಕೊಳ್ಳಬೇಕೆನಿಸಿತು. ಆದರೆ ಎರಡೂ ಕೈಗಳಲ್ಲಿ ಅಪ್ಪನ ಕಾಲಿತ್ತು.

ಅಮೀನಗಡದಲ್ಲಿ ಜೀಪು ನಿಂತಾಗ ಅಮರಪ್ಪ ಕಣ್ಣು ಬಿಟ್ಟು ಕರದಂಟಿನ ಅಂಗಡಿಗಳ ಕಡೆ ನೋಡಿದ. "ಒಂದ ಚೂರು ತಗೋರಿ."

"ಸಕ್ಕರಿ ಬ್ಯಾನಿ ಇಟ್ಕೊಂಡು ಕರದಂಟ ಬೇಕೇನು?" ಎಂದಳು ಮಹಾನಂದಾ.

"ಇನ್ನ ಸಕ್ಕರಿ ನಂದೇನ ಕಸಗೊಳ್ಳೂದೈತಿ? ಕಾಲ ಹೊಂಟೈತಿ. ನನಗ ಗೊತ್ತಾಗೂದಿಲ್ಲಂತ ತಿಳದೀರೇನು?"

ಮಹಾನಂದಾ ಮುಖ ತಿರುಗಿಸಿದಳು. ಹೊಳಬಸಪ್ಪನೇ ಇಳಿದು ಹೋಗಿ ಕಾಗದದಲ್ಲಿ ಒಂದು ತುಂಡು ಕಟ್ಟಿಸಿಕೊಂಡು ಬಂದ. ಅಮರಪ್ಪ ಅದನ್ನು ಬಾಯಲ್ಲಿಟ್ಟುಕೊಂಡು ಅಗಿಯದೆ, ಬಾಗಲಕೋಟೆಯ ಹಿನ್ನೀರು ಕಾಣುವವರೆಗೂ ಚೀಪುತ್ತ ಕುಳಿತ.

ನವನಗರದ ದವಾಖಾನೆಯ ಸರ್ಜನ್ ಸತ್ಯಬೋಧ ತಾಳ್ಮೆಯ ಮನುಷ್ಯ. ಸಪೂರ ಕಡ್ಡಿಯೊಂದನ್ನು ಗಾಯದ ಮೂಲೆಯ ತೂತಿಗೆ ಇಳಿಸಿದರು. ಕಡ್ಡಿ ಒಳಗೆ ಗಟ್ಟಿಯಾದುದಕ್ಕೆ ತಾಗಿ ನಿಂತಿತು. ಅಮರಪ್ಪ ಮಿಸುಕಲಿಲ್ಲ, ಅವನಿಗೆ ನೋವೇ ಇರಲಿಲ್ಲ. ಡಾಕ್ಟರು ಎಕ್ಸ್‌ರೇ ನೋಡಿ ಕನ್ನಡಕ ತೆಗೆದರು.

"ಎಲುಬಿಗೆ ಹತ್ತೇದ್ರಿ. ಪಾದ ಉಳಿಯೂದಿಲ್ಲ. ಮೊಣಕಾಲ ಕೆಳಗ ತಗೀಬೇಕಾಗ್ತದ. ತಡಾ ಮಾಡಿದ್ರ ಮೊಣಕಾಲೂ ಹೋಗ್ತದ, ಜೀವಕ್ಕೂ ಅಪಾಯ."

ಮಹಾನಂದಾಳಿಗೆ ಅರ್ಥವಾಗಲಿಲ್ಲ. "ಗಾಯ ಕೆಂಪಗಾಗೇತಲ್ರಿ ಸಾಹೇಬ್ರ? ಕರೇದು ಒಂದ ಚೂರೂ ಇಲ್ಲ, ನೋಡ್ರಿ ನೀವ."

"ನೋಡಿದೆನ್ರವಾ. ಯಾರು ತೊಳೀತಿದ್ರು?"

"ನಾನ ರೀ."

"ಇಷ್ಟ ಸ್ವಚ್ಛ ಇಟ್ಟವರನ್ನ ನಾ ಭಾಳ ಮಂದಿ ಕಂಡಿಲ್ಲ," ಎಂದರು ಡಾಕ್ಟರು. ಸಮಾಧಾನಕ್ಕೆಂದು ಆಡಿದ ಒಳ್ಳೆಯ ಮಾತು ಅದು. ಮಹಾನಂದಾ ಅಳುತ್ತಿದ್ದವಳು ಅಷ್ಟರಲ್ಲೂ ಮಗಳ ಕಡೆ ತಿರುಗಿ ನೋಡಿದಳು, ಕೇಳಿದೆಯಾ ಎಂಬಂತೆ. ಶೈಲಶ್ರೀ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಕಣ್ಣು ನೆಟ್ಟಳು.

ಆಮೇಲೆ ಡಾಕ್ಟರು ಒಬ್ಬರೇ ಹೊರಗೆ ಬಂದಾಗ ಅವಳು ಹಿಂದೆಯೇ ಹೋಗಿ ಎಲ್ಲವನ್ನೂ ಹೇಳಿದಳು. ಫೋನು, ಪಪ್ಪಾಯಿ, ಬಿಳಿ ಪೊರೆ, ಅವ್ವನ ಹೆಬ್ಬೆರಳು. "ಆ ಪೊರೆ ಉಳಿದಿದ್ದರೆ ಕಾಲು ಉಳೀತಿತ್ತೇನ್ರಿ?" ಎಂದು ಕೇಳಿದಳು.

ಸತ್ಯಬೋಧ ಕೈಯಲ್ಲಿದ್ದ ಕನ್ನಡಕ ಒರೆಸಿದರು. "ಉಳಿದಿದ್ರ ಗಾಯ ಮುಚ್ಚತಿತ್ತೋ ಏನೋ. ಮ್ಯಾಲೆ ಮುಚ್ಚಿ ಒಳಗ ಕೀವು ಬೆಳೀತಿತ್ತೋ ಏನೋ. ಸಕ್ಕರಿ, ರಕ್ತನಾಳ, ಎಲುಬು, ಇದರಾಗ ಯಾವುದರಿಂದ ಹೋತು ಅಂತ ನನಗ ಹೇಳ್ಲಿಕ್ಕೆ ಬರೂದಿಲ್ರಿ. ನೀವು ಇದನ್ನ ಓದಿದವರು. ನಿಮಗೇನು ಅನಸ್ತದ?"

ಅವಳಿಗೂ ಗೊತ್ತಿರಲಿಲ್ಲ. ಅಪ್ಪನ ಗಾಯದಲ್ಲಿ ಬಾಯಿ ಮುಚ್ಚದ ಕತ್ತರಿಗಳು ಮೊದಲೇ ತುಂಬಿದ್ದವು. ಅವುಗಳ ಜೊತೆಗೆ ಅವಳು ಹೊರಗಿನ ಕತ್ತರಿಯನ್ನೂ ಕಳಿಸಿದ್ದಳು. ಆ ಹೊಸ ಚರ್ಮವನ್ನು ತಿಂದದ್ದು ಯಾವುದೆಂದು ಹೇಳಬಲ್ಲ ಪ್ರಯೋಗ ಜಗತ್ತಿನ ಯಾವ ಪ್ರಯೋಗಾಲಯದಲ್ಲೂ ಇಲ್ಲ. ಅಪ್ಪನ ಬಲಗಾಲು ಒಂದೇ ಇತ್ತು. ಹೀಗೆ ಮಾಡಿದ್ದರೆ ಏನಾಗುತ್ತಿತ್ತು, ಹಾಗೆ ಮಾಡಿದ್ದರೆ ಏನಾಗುತ್ತಿತ್ತು ಎಂದು ಹೋಲಿಸಿ ನೋಡಲು ಅದು ಇಲಿಯ ಬೆನ್ನಲ್ಲ.

ಮರುದಿನ ಆಪರೇಶನ್ನಿಗೆ ಒಯ್ಯುವ ಮುಂಚೆ ಅಮರಪ್ಪ ಮಗಳನ್ನು ಹತ್ತಿರ ಕರೆದ.

"ನಿನ್ನ ಇಲಿಗೋಳ ಗಾಯ ಮಾಯತಾವಿಲ್ಲೋ?"

"ಮಾಯತಾವಪಾ."

"ಸಕ್ಕರಿ ಬ್ಯಾನಿ ಇದ್ದ ಇಲಿಗೋಳ್ವು?"

ಅವಳು ಅಪ್ಪನ ಹೊದಿಕೆ ಸರಿಪಡಿಸಿದಳು.

"ಮಾಯದಿದ್ರ ಅವನ್ನ ಏನ ಮಾಡತೀರಿ?"

ಅವನು ಮಗಳ ಮುಖ ನೋಡಿ, ಕೇಳಬಾರದ್ದನ್ನು ಕೇಳಿದೆನೇನೋ ಎಂಬಂತೆ ಅವಳ ತಲೆ ಸವರಿದ. "ಹೋಗಲಿ ಬಿಡು. ನನ್ನ ಕಾಲಷ್ಟ ತಗೀತಾರ. ನಾ ಇಲಿಕಿಂತ ಪುಣ್ಯಾವಂತ." ತನ್ನ ಮಾತಿಗೆ ತಾನೇ ನಕ್ಕ. ಶೈಲಶ್ರೀ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಬಾಯಿಗೆ ಓಢಣಿ ತುರುಕಿಕೊಂಡು ಅತ್ತಳು.

ಕಾಲು ಹೋಯಿತು. ಅಮರಪ್ಪ ಮನೆಗೆ ಬಂದ. ಶೈಲಶ್ರೀ ಧಾರವಾಡಕ್ಕೆ ಹೊರಟು ನಿಂತಾಗ ಅವ್ವನ ಎರಡೂ ಕೈ ಹಿಡಿದು, ಇನ್ನು ಪಪ್ಪಾಯಿ ಮುಟ್ಟಬೇಡ, ಹೊಲಿಗೆಯನ್ನು ದವಾಖಾನೆಯವರೇ ನೋಡಿಕೊಳ್ಳುತ್ತಾರೆ ಎಂದಳು. ಮಹಾನಂದಾ ಹೂಂ ಅಂದಳು. ಯಾಕೆ ಎಂದು ಅವಳು ಕೇಳಲಿಲ್ಲ, ಇವಳು ಹೇಳಲಿಲ್ಲ. ಬಸ್ಸಿನಲ್ಲಿ ಕುಳಿತ ಮೇಲೆ ಶೈಲಶ್ರೀಗೆ ದೊಡ್ಡ ಗಂಡಾಂತರದಿಂದ ಪಾರಾದಷ್ಟು ಹಗುರವೆನಿಸಿತು. ಹಾಗೆ ಎನಿಸಿದ್ದಕ್ಕೆ ನಾಚಿಕೆಯೂ ಆಯಿತು. ಹೇಳಿದರೆ ಹೋದ ಕಾಲು ಬರುತ್ತದೆಯೇ? ಹೇಳಿದರೆ ಅವ್ವ ಉಳಿಯುತ್ತಾಳೆಯೇ? ಈ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತ ಕೇಳಿಕೊಳ್ಳುತ್ತ ಅವಳು ತಿಂಗಳುಗಳನ್ನು ದೂಡಿದಳು. ಇಲಿಗಳ ಬೆನ್ನ ಮೇಲೆ ಗಾಯದ ಅಂಚು ಬೆಳ್ಳಗಾಗುವುದನ್ನು ನೋಡುವಾಗೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ದಸರೆಯ ರಜೆಗೆ ಬಂದಾಗ ಓಣಿಯಲ್ಲಿ ಹಾಸು ಬಿಗಿದಿತ್ತು. ಅದು ತಮ್ಮದೇ ಮನೆಯ ಹಾಸೆಂದು ಕಂಡು ಅವಳಿಗೆ ಆಶ್ಚರ್ಯವಾಯಿತು. ಕುಣಿಯಲ್ಲಿ ಇನ್ನು ಮಹಾನಂದಾಳೇ ಇಳಿದು ಕೂಡುವವಳಿದ್ದಳು. ಗಂಡ ಪಕ್ಕದಲ್ಲಿ ಕುಳಿತು ಹೇಳಿಕೊಡುತ್ತಾನಂತೆ.

"ಇಕಿ ನೇದ ಸೀರಿ ಉಟ್ಟವರು ಹಾದಿಯಾಗ ನಿಂತು ನಗತಾರ ನೋಡು," ಎಂದು ಅಮರಪ್ಪ ಒಳಗಿನಿಂದ ಮಗಳನ್ನು ಬರಮಾಡಿಕೊಂಡ. ಅವನು ಮೊದಲಿಗಿಂತ ಇಳಿದಿದ್ದ, ಆದರೆ ಮುಖದಲ್ಲಿ ಕಳೆ ಬಂದಿತ್ತು. ಕಾಲಿನ ಮೊಂಡಿಗೆ ಸುತ್ತಿದ ಬಟ್ಟೆಯನ್ನು ಶೈಲಶ್ರೀಯೇ ಬಿಚ್ಚಿದಳು. ಹೊಲಿಗೆ ಮಾಗಿತ್ತು. ಒಂದು ತುದಿಯಲ್ಲಿ ಮಾತ್ರ ಬಾಯಿ ಬಿಟ್ಟು ಹೆಬ್ಬೆರಳಿನ ಉಗುರಿನಷ್ಟು ಕೆಂಪು ಉಳಿದಿತ್ತು. ಆ ಕೆಂಪಿನ ಸುತ್ತ, ತೆಳ್ಳಗೆ, ಬಿಳಿ ಪೊರೆ ಕಟ್ಟತೊಡಗಿತ್ತು.

ಬಂದಿದೆ. ಇಷ್ಟಾದ ಮೇಲೂ, ಅಪ್ಪನ ಮೈ ಮತ್ತೊಮ್ಮೆ ಬೀಜ ಬಿಟ್ಟಿದೆ.

ಅಷ್ಟರಲ್ಲಿ ಹಿತ್ತಿಲ ಬಾಗಿಲಿನಿಂದ ಮಹಾನಂದಾ ಬಂದಳು. ಒಂದು ಕೈಯಲ್ಲಿ ಚಾಕು, ಇನ್ನೊಂದರಲ್ಲಿ ಹಸಿ ಪಪ್ಪಾಯಿ. ಕಾಯಿಯ ಮೈ ಮೇಲೆ ಗೀರು ಎಳೆದು ಹಾಲು ಇಳಿಸಿಕೊಂಡಿದ್ದಳು.

"ನೀ ಬ್ಯಾಡ ಅಂದಿದ್ದಿ, ಇಷ್ಟ ದಿನ ನಾ ಮುಟ್ಟಿಲ್ಲ. ಆದ್ರ ಮತ್ತ ಬೆಳ್ಳಗಾಗಾಕತ್ತೈತಿ ನೋಡು. ಆವಾಗ ನಾವು ತಡಾ ಮಾಡಿದ್ವಿ, ಅದಕ ಕೈ ಮೀರಿ ಹೋತು. ಈ ಸಲ ಸಣ್ಣದಿದ್ದಾಗನ ತಗದು ಬಿಡ್ತೇನಿ." ಹೇಳುತ್ತಲೇ ಕುಕ್ಕರಗಾಲಲ್ಲಿ ಕುಳಿತಳು. ಹಾಲು ಹತ್ತಿದ ಹೆಬ್ಬೆರಳು ಮುಂದೆ ಬಂತು.

ಶೈಲಶ್ರೀ ಅವಳ ಮಣಿಕಟ್ಟು ಹಿಡಿದಳು. ಗಟ್ಟಿಯಾಗಿ ಹಿಡಿದಳು. ಬಳೆಯೊಂದು ಚಟ್ಟನೆ ಒಡೆಯಿತು.

"ಯಾಕವಾ?"

"ಅದು ಹೊಲಸಲ್ಲಬೇ."

"ಮತ್ತೇನು?"

"ತೊಗಲು. ಹೊಸಾ ತೊಗಲು. ಎಳೇದಿದ್ದಾಗ ಹಿಂಗ ಬೆಳ್ಳಗಿರತೈತಿ."

ಮಹಾನಂದಾ ನಗಲು ಹೋದಳು. ಮಗಳು ನಗಲಿಲ್ಲ. ಮಹಾನಂದಾ ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ಆ ಪೊರೆಯನ್ನು ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖದ ರಕ್ತವೆಲ್ಲ ಇಳಿದು ಹೋಯಿತು.

"ಆ ಕಾಲಿಗೂ ಬಂದಿತ್ತಲ್ಲ," ಎಂದಳು.

ಶೈಲಶ್ರೀ ಕೈ ಬಿಡಲಿಲ್ಲ.

"ದಿನಾ ಬರತಿತ್ತು. ತಗದಂಗ ತಗದಂಗ ಬರತಿತ್ತು. ಮುಂಜಾನಿ ನೋಡಿದ್ರ ಮತ್ತ ಬಂದಿರತಿತ್ತು. ನಾ ಬೈತಿದ್ದೆ ಅದಕ, ಎಷ್ಟ ತಗದ್ರೂ ಬರತಿ ಮೂಳ ಅಂತ."

"ಅವ್ವಾ, ಕೇಳಿಲ್ಲಿ. ಹೇಳಬೇಕಾದಾಕಿ ನಾ, ಹೇಳಲಿಲ್ಲ. ಪಪ್ಪಾಯಿ ಹಾಲಿನಾಗ ಇದ್ದಂಗ ಅಪ್ಪನ ಮೈಯಾಗೂ ಮಾಂಸಾ ಕಡಿಯೂ ಕತ್ತರಿ ಅದಾವು, ಸಕ್ಕರಿ ಬ್ಯಾನಿಯವರಿಗೆ ಅವು ಕೈಯಾಗ ಉಳಿಯೂದಿಲ್ಲ. ಅವು ತಿಂದ್ವೋ, ಪಪ್ಪಾಯಿ ತಿಂತೋ..."

"ನನ್ನ ಕೈ ತಗೀತೋ," ಎಂದಳು ಮಹಾನಂದಾ.

"ಯಾರಿಗೂ ಗೊತ್ತಾಗೂದಿಲ್ಲಬೇ."

"ನಿನಗೂ?"

"ನನಗೂ."

"ಇಷ್ಟ ಓದೀಯಲ್ಲ."

ಆ ಮಾತಿನಲ್ಲಿ ಹಂಗಿಸುವುದು ಇರಲಿಲ್ಲ. ನಿಜವಾಗಿಯೂ ಕೇಳಿದ್ದಳು, ಒಂದು ಆಸೆಯಿಂದ ಕೇಳಿದ್ದಳು. ನಿನ್ನ ಕೈಯಿಂದಲ್ಲ ಎಂದು ಮಗಳು ಒಂದು ಮಾತು ಹೇಳಿದ್ದರೆ ನಂಬಿ ಬಿಡುತ್ತಿದ್ದಳು. ಶೈಲಶ್ರೀಗೆ ಆ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಹಾಗೆ ಹೇಳಿದರೆ ನಾಳೆ ಬೆಳಗ್ಗೆ ಈ ಹೆಬ್ಬೆರಳು ಮತ್ತೆ ಹೊರಟು ನಿಲ್ಲುತ್ತದೆ ಎಂದು ಹೆದರಿದಳು. ಹೇಳಲು ಆಗಲಿಲ್ಲ. ಅವ್ವನ ಮಣಿಕಟ್ಟಿನ ಮೇಲೆ ಬಳೆಯ ಚೂರು ತಾಗಿ ಒಂದು ಹನಿ ರಕ್ತ ಬಂದಿತ್ತು. ಅದನ್ನು ತನ್ನ ಓಢಣಿಯಿಂದ ಒತ್ತಿ ಹಿಡಿದಳು.

ಇಷ್ಟು ಹೊತ್ತೂ ಸೂರು ನೋಡುತ್ತ ಮಲಗಿದ್ದ ಅಮರಪ್ಪ ಒಮ್ಮೆ ಗಂಟಲು ಸರಿಪಡಿಸಿಕೊಂಡ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಏನು ಹೇಳಿಯಾನೋ ಎಂದು ಶೈಲಶ್ರೀ ಅವನ ಕಡೆ ತಿರುಗಿದಳು.

"ಏ ಮಹಾನಂದಾ," ಎಂದ ಅವನು, ದಿನದ ದನಿಯಲ್ಲೇ. "ಹೊರಗ ಬಿಸಲ ಏರಾಕತ್ತೈತಿ. ಗಂಜಿ ಒಣಗಿ ಹಾಸು ಕೆಡತೈತಿ. ಸವರ ಹೋಗು."

ಅವಳು ಎದ್ದಳು. ಪಪ್ಪಾಯಿ ಉರುಳಿ ಕುಣಿಯ ಅಂಚಿನವರೆಗೂ ಹೋಗಿ ನಿಂತಿತು. ಅದನ್ನು ಎತ್ತಿಕೊಳ್ಳಲಿಲ್ಲ. ಬಚ್ಚಲಿಗೆ ಹೋಗಿ ಹೆಬ್ಬೆರಳನ್ನು ತಿಕ್ಕಿ ತಿಕ್ಕಿ ತೊಳೆದು ಹೊರಗೆ ನಡೆದಳು. ಶೈಲಶ್ರೀ ಮೊಂಡಿಗೆ ಹೊಸ ಬಟ್ಟೆ ಸುತ್ತುತ್ತ ಬಾಗಿಲಿನಿಂದ ಅವಳನ್ನೇ ನೋಡುತ್ತಿದ್ದಳು.

ಓಣಿಯುದ್ದಕ್ಕೂ ಹಾಸಿನ ನೂಲು ಬಿಗಿದು ನಿಂತಿತ್ತು. ಎಳೆಗಳ ನಡುವೆ ಅಲ್ಲಲ್ಲಿ ಗಂಜಿ ಬಿಳಿ ಪೊರೆಯಾಗಿ ಕಟ್ಟಲು ಶುರುವಾಗಿತ್ತು. ಮಹಾನಂದಾ ಬಗ್ಗಿದಳು. ಅವಳ ಹೆಬ್ಬೆರಳು ಪೊರೆಯ ಹತ್ತಿರದವರೆಗೂ ಹೋಯಿತು, ಅಲ್ಲೇ ನಿಂತಿತು.

"ಮಾನಂದಕ್ಕಾ, ಏನ ನೋಡ್ಕೊಂತ ನಿಂತೀಯವಾ? ಸವರು, ಅಂಟತಾವು ಎಳಿ," ಎಂದು ಪಕ್ಕದ ಕಟ್ಟೆಯಿಂದ ಮಾಬುಬಿ ಕೂಗಿದಳು.

ಮಹಾನಂದಾ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು, ಆ ಮುಷ್ಟಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹಾಗೆಯೇ ನಿಂತಳು. ಬಿಸಿಲು ಏರುತ್ತಿತ್ತು. ಎಳೆಗಳ ಮೇಲಿನ ಪೊರೆ ಒಣಗುತ್ತ ಒಣಗುತ್ತ ಇನ್ನಷ್ಟು ಬೆಳ್ಳಗಾಯಿತು.